ಸುಳಿ ಇಲ್ಲದ ಹಸಿರು

ಕೋತೆಪೆಕ್ ಊರಿನ ಕಾಫಿ ಕಾರ್ಖಾನೆಯಲ್ಲಿ ಬೀಜ ಆರಿಸುವ ಹೆಂಗಸರಲ್ಲಿ ಸೆನೈದಾಳ ಬೆರಳಿಗೆ ಹೆಸರಿತ್ತು. ಉದ್ದನೆಯ ಮೇಜಿನ ಮೇಲೆ ಸುರಿದ ರಾಶಿಯಲ್ಲಿ ಕಪ್ಪು ತಿರುಗಿದ್ದು, ಹುಳ ಹಿಡಿದದ್ದು, ಸೀಳಿದ್ದು ಒಂದೂ ಅವಳನ್ನು ದಾಟಿ ಚೀಲ ಸೇರುತ್ತಿರಲಿಲ್ಲ. ಪಕ್ಕದವಳ ಸಂಸಾರದ ಕಥೆ ಕೇಳುತ್ತ, ನಗುತ್ತ, ಒಮ್ಮೊಮ್ಮೆ ಜಗಳವಾಡುತ್ತ ಆರಿಸುತ್ತಿದ್ದಳು. ಕಣ್ಣು ಬೇರೆಲ್ಲೋ ಇದ್ದರೂ ಬೆರಳು ತಪ್ಪುತ್ತಿರಲಿಲ್ಲ. ಅಂಥವಳಿಗೆ ತನ್ನ ಮನೆಯಲ್ಲಿ ಒಂದು ಕುಂಡದ ಹತ್ತಿರ ಹೋಗಲು ಅಪ್ಪಣೆ ಇರಲಿಲ್ಲ.

ಕುಂಡ ಅತ್ತೆ ತೆಕ್ಲಾಳದು. ಬೀದಿಯ ಕಡೆ ಕಿಟಕಿಯಿದ್ದ ಮುಂಗೋಣೆಯಲ್ಲಿ, ಸಂತರ ಪಟದ ಕೆಳಗೆ, ಒಂದು ಮರದ ಮಣೆಯ ಮೇಲೆ ಅದು ಕೂತಿತ್ತು. ಒಂದೇ ಕುಂಡದಲ್ಲಿ ಒತ್ತೊತ್ತಾಗಿ ನಿಂತ ಏಳು ತಾಳೆಗಿಡಗಳು. ಎಳೆ ಬಿದಿರಿನ ಹಾಗೆ ಗಿಣ್ಣು ಗಿಣ್ಣಾದ ಸಣ್ಣ ಕಾಂಡ, ತುದಿಯಿಂದ ಬಾಗಿ ಇಳಿಯುವ ತೆಳ್ಳನೆಯ ಗರಿಗಳು. ನಮ್ಮ ಕಡೆ ಇದನ್ನು ಕಾಮೆದೋರ್ ಎನ್ನುತ್ತೇವೆ. ಊರ ಕೆಳಗಿನ ಕಣಿವೆಯಲ್ಲಿ, ದೊಡ್ಡ ಮರಗಳ ಬುಡದಲ್ಲಿ ತಾನಾಗಿ ಹುಟ್ಟುವ ಗಿಡ. ನೇರ ಬಿಸಿಲು ತಾಗಿದರೆ ಗರಿ ಸುಟ್ಟ ಕಾಗದದಂತಾಗುತ್ತದೆ. ಮನೆಯೊಳಗಿನ ಮಬ್ಬು ಅದಕ್ಕೆ ಹುಟ್ಟಿದ ಜಾಗದ ಹಾಗೇ ಕಾಣುತ್ತಿರಬೇಕು. ಕೋತೆಪೆಕ್‌ನ ಯಾವ ಮುಂಗೋಣೆಯೂ ಈ ಗಿಡವಿಲ್ಲದೆ ಇರುವುದಿಲ್ಲ. ಆದರೆ ತೆಕ್ಲಾಳ ಗಿಡದಷ್ಟು ಎತ್ತರದ್ದು, ಕಿಟಕಿಯ ಮೇಲಿನ ಸರಳಿಗೆ ತಲೆ ತಾಗಿಸಿ ನಿಂತದ್ದು, ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಸೆನೈದಾ ಕಾಫಿ ತೋಟದ ಕೂಲಿಯವರ ಸಾಲುಮನೆಯಲ್ಲಿ ಹುಟ್ಟಿದವಳು. ಬೇಕರಿಯಲ್ಲಿ ರೊಟ್ಟಿ ಸುಡುವ ನಾಬೋರನನ್ನು ಮದುವೆಯಾಗಿ ಈ ಹೆಂಚಿನ ಮನೆಗೆ ಬಂದ ಮೊದಲ ವಾರದಲ್ಲೇ, ಒಳ್ಳೆಯ ಸೊಸೆ ಎನಿಸಿಕೊಳ್ಳಲು, ನೀರಿನ ಹೂಜಿ ಎತ್ತಿಕೊಂಡು ಮುಂಗೋಣೆಗೆ ಹೋಗಿದ್ದಳು.

"ಅತ್ತೆ, ಗಿಡಕ್ಕೆ ನಾನು ನೀರು ಹಾಕ್ಲಾ?"

"ಹಾಕು. ಹಿತ್ತಲಲ್ಲಿ ಕೋಳಿಗಳಿವೆ, ಅವಕ್ಕೆ ಹಾಕು. ಅವಾದ್ರೆ ಬಾಯಿಬಿಟ್ಟು ಕೇಳ್ತವೆ."

ಸೆನೈದಾ ಹೂಜಿ ಹಿಡಿದು ಅಲ್ಲೇ ನಿಂತಳು. ತೆಕ್ಲಾ ಅವಳ ಕೈಗಳನ್ನು ನೋಡಿದಳು.

"ಬೇಜಾರಾಗ್ಬೇಡ. ನಿಂದು ತೋಟದ ಕೈ ಕಣಮ್ಮ. ತೋಟದ ಗಿಡಕ್ಕೆ ಕಡಿದ್ರೂ ಸರಿ, ಬಡಿದ್ರೂ ಸರಿ. ಇದು ಹಾಗಲ್ಲ."

ಅಂದಿನಿಂದ ಆ ಮನೆಯಲ್ಲಿ ಅವಳು ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಮಕ್ಕಳನ್ನು ಹೆತ್ತಳು, ಕಾರ್ಖಾನೆಯ ದುಡಿಮೆಯನ್ನೂ ತಂದು ಅತ್ತೆಯ ಕೈಗಿಟ್ಟಳು. ಗಿಡವನ್ನು ಮಾತ್ರ ದೂರದಿಂದ ನೋಡಿದಳು. ನಾಬೋರನಿಗೆ ಇದು ಅರ್ಥವಾಗುತ್ತಿರಲಿಲ್ಲ. ಅವನು ಬೆಳಗಿನ ಹೊತ್ತು ಹಿಟ್ಟಿನ ಮೈಯಲ್ಲಿ ಬಂದು ಮಧ್ಯಾಹ್ನದವರೆಗೆ ಮಲಗುವವನು. "ನನ್ನನ್ನೂ ಮುಟ್ಟೋಕೆ ಬಿಟ್ಟಿಲ್ಲ ನಮ್ಮಮ್ಮ. ನನಗೇನಾದ್ರೂ ಕೊಂಬು ಉದುರಿತಾ?" ಎನ್ನುತ್ತಿದ್ದ. ಎದುರು ಮನೆಯ ಒತೀಲಿಯಾ ತೆಕ್ಲಾಳ ಓರಗೆಯವಳು, ಅರವತ್ತು ದಾಟಿದ ಗೆಳತಿ. ಅವಳು ಬಾಗಿಲಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು: "ತೆಕ್ಲಾ ಮಗನಿಗೆ ವಾರಕ್ಕೊಂದು ಸಲ ಮೈ ತೊಳೀತಿದ್ಲು, ಗಿಡಕ್ಕೆ ದಿನಾ ತೊಳೀತಾಳೆ. ಅದಕ್ಕೇ ನೋಡಿ, ಗಿಡ ಹಸಿರಾಗಿ ನೆಟ್ಟಗೆ ಬೆಳೀತು, ಮಗ ಹೀಗಾದ."

"ನಿನ್ನ ಮಗನಿಗೆ ಮಳೆಯೇ ಗತಿ ಆಗಿತ್ತಲ್ಲ, ಅದಕ್ಕೇನಂತೀಯ," ಎಂದು ತೆಕ್ಲಾ ಒಳಗಿನಿಂದಲೇ ಉತ್ತರ ಕೊಡುತ್ತಿದ್ದಳು.

ಸೆನೈದಾ ನಗುತ್ತಿದ್ದಳು, ಜೊತೆಗೆ ನೋಡುತ್ತಲೂ ಇದ್ದಳು. ಅತ್ತೆ ನಲ್ಲಿಯ ನೀರು ಹಾಕುವುದಿಲ್ಲ. ಅದರಲ್ಲಿ ನೀರು ಶುದ್ಧಿಗೆಂದು ಊರವರು ಹಾಕುವ ಔಷಧಿ ಇರುತ್ತದೆ, ಗರಿಯ ತುದಿ ಕಂದುತ್ತದೆ. ಸೂರಿನಿಂದ ಇಳಿದ ಮಳೆನೀರನ್ನು ಒಂದು ಹಂಡೆಯಲ್ಲಿ ಹಿಡಿದಿಟ್ಟು, ಅದು ಕೋಣೆಯ ಹದಕ್ಕೆ ಬಂದ ಮೇಲೆ ಹಾಕುತ್ತಾಳೆ. ಚಳಿಗಾಲದಲ್ಲಿ ಉತ್ತರದ ಗಾಳಿ ಬೀಸಿದಾಗ ಕಿಟಕಿಯ ಸಂದಿಗೆ ಚಿಂದಿ ತುರುಕುತ್ತಾಳೆ. ಓಕ್ ಮರದಡಿಯ ಕೊಳೆತ ಎಲೆಮಣ್ಣಿಗೆ ಹೊಳೆಯ ಮರಳು ಬೆರೆಸುತ್ತಾಳೆ, ಕುಂಡದ ತಳದಲ್ಲಿ ಒಲೆಯ ಇದ್ದಿಲ ಚೂರು. ಒಣಗಾಳಿಯ ದಿನಗಳಲ್ಲಿ ಗರಿಯ ಅಡಿಯಲ್ಲಿ ಕೆಂಪು ನುಸಿ ಕಟ್ಟದಂತೆ ಒದ್ದೆ ಬಟ್ಟೆಯಲ್ಲಿ ಒಂದೊಂದೇ ಎಸಳನ್ನು ಮೇಲೂ ಕೆಳಗೂ ಒರೆಸುತ್ತಾಳೆ. ಕೂಸಿನ ಬೆರಳ ಸಂದಿ ಒರೆಸುವ ಹಾಗೆ. ಹಾಗೆ ಒರೆಸುವಾಗ ಅತ್ತೆಯ ಮುಖ ಬೇರೆಯೇ ಆಗುತ್ತಿತ್ತು. ಆ ಮುಖ ತನ್ನ ಕಡೆ ಒಮ್ಮೆಯಾದರೂ ತಿರುಗಲಿ ಎಂದು ಸೆನೈದಾಳಿಗೆ ಆಸೆ. ಗಿಡ ಬೇಕಿರಲಿಲ್ಲ ಅವಳಿಗೆ, ಅತ್ತೆ ತನ್ನನ್ನು ನಂಬಿ ಅದನ್ನು ಕೈಗೆ ಕೊಡಬೇಕಿತ್ತು.

ಒಂದು ಚಳಿಗಾಲದ ಬೆಳಿಗ್ಗೆ ತೆಕ್ಲಾ ಹಂಡೆಯ ಹತ್ತಿರ ಕುಸಿದಳು. ಬಲಗೈ ಬಲಗಾಲು ಎರಡೂ ಹೋದವು. ಮಾತು ನಿಧಾನವಾಯಿತು, ಮೊನಚು ಹೋಗಲಿಲ್ಲ. ಮುಂಗೋಣೆಗೆ ಅಂಟಿದ ಸಣ್ಣ ಕೋಣೆಯಲ್ಲಿ ಅವಳ ಮಂಚ ಹಾಕಿದರು. ನಡುವಿನ ಬಾಗಿಲಿಗೆ ಮೇಲರ್ಧಕ್ಕೆ ಮಾತ್ರ ಒಂದು ಪರದೆ. ಮಲಗಿದಲ್ಲಿಂದ ಅವಳಿಗೆ ಕುಂಡ ಕಾಣುತ್ತಿತ್ತು, ಕೆಳಗಿನ ಗರಿಗಳು ಕಾಣುತ್ತಿದ್ದವು. ತುದಿ ಕಾಣುತ್ತಿರಲಿಲ್ಲ.

ಕೆಲವು ದಿನ ಗಿಡದ ಕಡೆ ಯಾರೂ ಹೋಗಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಅತ್ತೆ ಕರೆದಳು.

"ಏಯ್ ತೋಟದ ಕೈಯೋಳೇ. ಬಾ ಇಲ್ಲಿ. ಬೆರಳು ಮಣ್ಣಿಗೆ ಇಳಿಸು."

ಸೆನೈದಾ ಇಳಿಸಿದಳು.

"ಇನ್ನೂ ಕೆಳಗೆ. ಕಚ್ಚಲ್ಲ ಅದು. ಒದ್ದೆ ಇದೆಯಾ?"

"ಸ್ವಲ್ಪ ಇದೆ ಅತ್ತೆ."

"ಸ್ವಲ್ಪ ಇದೆ ಅಂದ್ರೆ ಇದೆ ಅಂತ. ಹೂಜಿ ಕೆಳಗಿಡು. ಊಟ ಆದೋರಿಗೆ ಮತ್ತೆ ಬಡಿಸ್ತೀಯಾ ನೀನು?"

ಅಷ್ಟೆ. ಕೊಟ್ಟೆ ಎಂದು ಹೇಳಲಿಲ್ಲ, ಆದರೂ ಕೊಟ್ಟಂತಾಯಿತು. ಅಂದು ಕಾರ್ಖಾನೆಯ ಮೇಜಿನ ಮುಂದೆ ಸೆನೈದಾಳ ಬೆರಳಿನ ಉಗುರಿನಲ್ಲಿ ಎಲೆಮಣ್ಣು ಉಳಿದಿತ್ತು. ಅದನ್ನು ಅವಳು ತೆಗೆಯಲಿಲ್ಲ.

ಪ್ರತಿ ಬೆಳಿಗ್ಗೆ ಅತ್ತೆಯದು ಒಂದೇ ಪ್ರಶ್ನೆ. ಕಾಫಿ ತಂದು ಕೂರಿಸಿದ ಕೂಡಲೇ, ಗುಟುಕರಿಸುವ ಮೊದಲು: "ಹೊಸ ಗರಿ ಬಂತಾ?" ಆ ತಿಂಗಳಲ್ಲಿ ಏಳರಲ್ಲಿ ಮೂರಕ್ಕೆ ಸುಳಿ ಎದ್ದಿತ್ತು. ಮೂರನೆಯದು ಬಿಚ್ಚಿಕೊಂಡ ದಿನ ಸೆನೈದಾ ಓಡಿಬಂದು ಹೇಳಿದಳು. ತೆಕ್ಲಾ "ಅದಕ್ಕೇನು ನೀನು ಕುಣೀಬೇಕಾ," ಎಂದಳು. ಆದರೆ ಅಂದು ಕಾಫಿ ಪೂರ್ತಿ ಕುಡಿದಳು.

ಆಮೇಲೆ ಗರಿಗಳ ಭಾನುವಾರ ಬಂತು.

ನಮ್ಮಲ್ಲಿ ಆ ದಿನ ಇಗರ್ಜಿಗೆ ಹಿಡಿದು ಹೋಗುವ ಗರಿ ಈ ಕಾಮೆದೋರ್ ಅಲ್ಲ. ಅದು ಕೆಳಗಿನ ಸೆಕೆನಾಡಿನ ದೊಡ್ಡ ತಾಳೆಯದು. ಇನ್ನೂ ಬಿಚ್ಚದ ಬೆಳ್ಳನೆಯ ಸುಳಿಯನ್ನು ಕುಯ್ದು, ಎಳೆ ಎಳೆಯಾಗಿ ಸೀಳಿ, ಜಡೆ ಹೆಣೆದು, ನಡುವೆ ಶಿಲುಬೆ ಕೂರಿಸಿ ಮಾರಲು ತರುತ್ತಾರೆ. ಪಾದ್ರಿ ತೀರ್ಥ ಚಿಮುಕಿಸಿದ ಮೇಲೆ ಅದನ್ನು ಮನೆಗೆ ತಂದು ತಲೆದೆಸೆಯ ಗೋಡೆಗೆ ಕಟ್ಟುವುದು. ಸಿಡಿಲು, ಕೆಟ್ಟ ಸಾವು ಎರಡೂ ಆ ಗೋಡೆಯ ಹತ್ತಿರ ಬರುವುದಿಲ್ಲ. ವರ್ಷ ಕಳೆದ ಹಳೆಯದನ್ನು ವಿಭೂತಿ ಬುಧವಾರಕ್ಕೆ ಮೊದಲು ಇಗರ್ಜಿಗೆ ಹಿಂದಿರುಗಿಸುತ್ತಾರೆ. ಅದನ್ನೇ ಸುಟ್ಟು ಅಂದು ಹಣೆಗಿಡುವ ಬೂದಿ ಮಾಡುವುದು. ಹಾಗಾಗಿ ಬುಧವಾರದಿಂದ ಆ ಭಾನುವಾರದವರೆಗೆ ಎಲ್ಲರ ತಲೆದೆಸೆಯೂ ಬರಿದು. ಗಟ್ಟಿಮುಟ್ಟಾದವರಿಗೆ ಅದರ ನೆನಪೂ ಇರುವುದಿಲ್ಲ. ಹಾಸಿಗೆ ಹಿಡಿದ ತೆಕ್ಲಾ ಮಾತ್ರ ದಿನಕ್ಕೆ ಹತ್ತು ಸಲ ಕತ್ತು ತಿರುಗಿಸಿ ಬರಿ ಮೊಳೆಯನ್ನು ನೋಡುತ್ತಿದ್ದಳು.

ಆ ವರ್ಷ ಅಕಾಲದ ಮಳೆ ಹೊಡೆದು ಸೆಕೆನಾಡಿನ ದಾರಿಯ ಸೇತುವೆ ಕುಸಿಯಿತು. ಗರಿ ಮಾರುವವರು ಬರಲಿಲ್ಲ. ಶನಿವಾರ ಸಂತೆಯಿಂದ ಸೆನೈದಾ ಬರಿಗೈಯಲ್ಲಿ ಬಂದಳು.

"ಪಾದ್ರಿ ಹೇಳಿದ್ರಂತೆ ಅತ್ತೆ, ಈ ಸಲ ಯಾವ ಹಸಿರಾದ್ರೂ ನಡೆಯುತ್ತಂತೆ. ಎಲ್ಲರೂ ರೋಸ್ಮರಿ ಸೊಪ್ಪು ಕಟ್ಟು ಕಟ್ಕೋತಿದ್ದಾರೆ."

"ರೋಸ್ಮರಿ ಸಾರಿಗೆ ಹಾಕೋದು," ಎಂದಳು ತೆಕ್ಲಾ. "ಸಾರಿನ ಸೊಪ್ಪು ಹಿಡ್ಕೊಂಡು ದೇವರ ಮುಂದೆ ಹೋಗಿ ನಿಲ್ಲಲಾ ನಾನು? ಕೋಳಿ ಬಂದಿದೆ ಅಂದ್ಕೋತಾನೆ."

ಆಮೇಲೆ ಗೋಡೆಯ ಕಡೆ ಮುಖ ಮಾಡಿದಳು. ಯಾರಿಗೂ ಅಲ್ಲದ ಹಾಗೆ, "ಗರಿ ಇಲ್ಲದೆ ಹೋಗೋ ಹಾಗಾಯ್ತಲ್ಲ," ಎಂದಳು. ಅತ್ತೆಯ ಬಾಯಲ್ಲಿ ಹೆದರಿಕೆಯನ್ನು ಸೆನೈದಾ ಅದೇ ಮೊದಲು ಕೇಳಿದ್ದು.

ಮಧ್ಯಾಹ್ನ ಮುದುಕಿಗೆ ನಿದ್ದೆ ಹತ್ತಿತು. ನಾಬೋರ್ ಒಳಗೆ ಗೊರಕೆ ಹೊಡೆಯುತ್ತಿದ್ದ. ಮುಂಗೋಣೆಯಲ್ಲಿ ಏಳು ಗಿಡಗಳ ತುದಿಯಲ್ಲಿ ಏಳು ಎಳೆ ಸುಳಿಗಳು, ಈಟಿಯ ಹಾಗೆ ಮಡಚಿಕೊಂಡು, ಬಿಚ್ಚಲು ಸಿದ್ಧವಾಗಿ ನಿಂತಿದ್ದವು. ತೋಟದಲ್ಲಿ ಅವಳ ಅಪ್ಪ ಕಾಫಿ ಗಿಡ ಮುದಿಯಾಯಿತೆಂದರೆ ಮೊಣಕಾಲೆತ್ತರಕ್ಕೆ ಕಡಿದುಹಾಕುತ್ತಿದ್ದ. ಮಳೆ ಬಿದ್ದರೆ ಅದೇ ಮೋಟಿನಿಂದ ಮೊದಲಿಗಿಂತ ಜೋರಾಗಿ ಚಿಗುರು ಏಳುತ್ತಿತ್ತು. ಬಾಳೆ ಕಡಿದರೆ ಪಕ್ಕದಲ್ಲಿ ಕಂದು. ಸೀಮೆಬದನೆ ಬಳ್ಳಿಯನ್ನು ನೆಲಮಟ್ಟಕ್ಕೆ ಸವರಿದರೂ ಮತ್ತೆ ಚಪ್ಪರ ಹತ್ತುತ್ತಿತ್ತು. ಅವಳು ಕಂಡ ನೆಲದಲ್ಲಿ ಕಡಿದದ್ದೆಲ್ಲ ಬರುತ್ತಿತ್ತು. ಗರಿ ಕುಯ್ದರೆ ಗರಿ ಬರುತ್ತದೆ, ಇನ್ನೇನು ಮಳೆಗಾಲ. ಒಂದು ಕ್ಷಣ ಅತ್ತೆಯನ್ನು ಕೇಳಲೇ ಎನ್ನಿಸಿತು. ಕೇಳಿದರೆ ಬೇಡ ಎನ್ನುತ್ತಾಳೆ, ಗರಿಯಿಲ್ಲದೆ ಇರುತ್ತಾಳೆ. ತಾನೇ ಮಾಡಿ ಮುಗಿಸಿದರೆ ಆಯಿತು.

ಹಣ್ಣು ಕುಯ್ಯುವ ಸಣ್ಣ ಚಾಕು ತಂದಳು. ಹೆಣೆಯಲು ಬೇಕಾದ ಬಿಳಿಯ ಮೃದು ಭಾಗ ಕಾಂಡದೊಳಗೆ ಆಳದಲ್ಲಿರುತ್ತದೆ. ಚಾಕುವನ್ನು ಒಳಕ್ಕೆ ಇಳಿಸಿ, ಬುಡ ಬಿಡಿಸಿ, ಎಳೆದಳು. ಒಂದು ಸಣ್ಣ ಸದ್ದಾಗಿ ಸುಳಿ ಕೈಗೆ ಬಂತು. ಒಂದು ಕಡೆಯಿಂದ ಏಳನ್ನೂ ತೆಗೆದಳು. ಮಿಕ್ಕ ಗರಿಗಳು ಇದ್ದ ಹಾಗೇ ಇದ್ದವು. ದೂರ ನಿಂತು ನೋಡಿದಳು. ಗಿಡ ಮೊದಲಿನಂತೆಯೇ ತುಂಬಿಕೊಂಡು ಕಂಡಿತು.

ಮರುದಿನ ಇಗರ್ಜಿಯ ತುಂಬ ರೋಸ್ಮರಿಯ ವಾಸನೆ. ಅದರ ನಡುವೆ ಸೆನೈದಾಳ ಕೈಯಲ್ಲಿ ಮೊಳದುದ್ದದ ಹೆಣೆದ ಗರಿ, ನಡುವೆ ಪುಟ್ಟ ಶಿಲುಬೆ. ಹೆಂಗಸರು ತಿರುಗಿ ನೋಡಿದರು. ಒತೀಲಿಯಾ ಪಕ್ಕಕ್ಕೆ ಬಂದು ಗರಿಯನ್ನು ಎರಡು ಬೆರಳಲ್ಲಿ ಮುಟ್ಟಿದಳು. ಸದಾ ಏನಾದರೊಂದು ಹೇಳುವವಳು ಅಂದು "ಚೆನ್ನಾಗಿದೆ" ಎಂದಷ್ಟೇ ಹೇಳಿ ಮುಂದೆ ಹೋದಳು.

ಮನೆಗೆ ಬಂದು ಸೆನೈದಾ ಅದನ್ನು ಅತ್ತೆಯ ಎಡಗೈಗೆ ಕೊಟ್ಟಳು. ತೆಕ್ಲಾ ಹೆಬ್ಬೆರಳಿನಿಂದ ಅದನ್ನು ಸವರಿದಳು. ಮೂಗಿನ ಹತ್ತಿರ ಹಿಡಿದಳು. ಸೆಕೆನಾಡಿನ ಗರಿ ಒಣ ಕಾಗದದ ಹಾಗೆ ಸದ್ದು ಮಾಡುತ್ತದೆ. ಇದು ಸದ್ದು ಮಾಡಲಿಲ್ಲ. ಅವಳು ಬಹಳ ಹೊತ್ತು ಪರದೆಯ ಕೆಳಗಿನಿಂದ ಕಾಣುವ ಕುಂಡವನ್ನು ನೋಡುತ್ತಿದ್ದಳು. ಸೆನೈದಾ ಬೈಗುಳಕ್ಕೆ ತಯಾರಾಗಿ, ಹೇಳಬೇಕಾದ ಮಾತನ್ನು ಬಾಯಲ್ಲಿ ಸಿದ್ಧ ಮಾಡಿಕೊಂಡು ನಿಂತಿದ್ದಳು: ಮಳೆಗಾಲಕ್ಕೆ ಮತ್ತೆ ಬರುತ್ತೆ ಅತ್ತೆ.

"ಚೆನ್ನಾಗಿ ಹೆಣೆದಿದ್ದೀಯ ಮಗಳೇ," ಎಂದಳು ತೆಕ್ಲಾ. "ಕಟ್ಟು. ತಲೆದೆಸೆಗೆ ಕಟ್ಟು."

ಆ ಮನೆಗೆ ಬಂದು ಅಷ್ಟು ವರ್ಷಗಳಲ್ಲಿ ಅತ್ತೆ ಅವಳನ್ನು ಮಗಳೇ ಎಂದು ಕರೆದದ್ದು ಅದೇ ಮೊದಲು. ಸೆನೈದಾ ಗರಿಯನ್ನು ಮೊಳೆಗೆ ಕಟ್ಟಿದಳು. ಸಿದ್ಧ ಮಾಡಿಕೊಂಡ ಮಾತು ಹಾಗೇ ಉಳಿಯಿತು.

ಆಮೇಲಿನ ವಾರಗಳು ಆ ಮನೆಯ ಒಳ್ಳೆಯ ದಿನಗಳು. ತೆಕ್ಲಾ ಅವಳನ್ನು ಮಂಚದ ಪಕ್ಕ ಕೂರಿಸಿಕೊಂಡು ಮಾತಾಡತೊಡಗಿದಳು. ಮದುವೆಯಾಗಿ ಬರುವಾಗ ಕಣಿವೆಯಿಂದ ಬೆರಳುದ್ದದ ಸಸಿಗಳನ್ನು ಒದ್ದೆ ಪಾಚಿಯಲ್ಲಿ ಸುತ್ತಿ ತಂದಿದ್ದಂತೆ. ಆಗ ಅವಳ ಅತ್ತೆ, "ವರದಕ್ಷಿಣೆಗೆ ಹುಲ್ಲು ತಂದಿದ್ದಾಳೆ" ಎಂದಿದ್ದಳಂತೆ. ಗಂಡುಗಿಡ ಬೇರೆ, ಹೆಣ್ಣುಗಿಡ ಬೇರೆ, ಹಳದಿ ಮಣಿಯಂಥ ಹೂವನ್ನು ನೋಡಿ ಹೇಗೆ ಗುರುತು ಹಿಡಿಯುವುದೆಂದು ಹೇಳಿಕೊಟ್ಟಳು. ಕಂದಿದ ತುದಿಯನ್ನು ಕತ್ತರಿಸುವಾಗ ಹಸಿರಿಗೆ ತಾಗದಂತೆ ಕೂದಲೆಳೆಯಷ್ಟು ಕಂದನ್ನು ಬಿಡಬೇಕು, ಇಲ್ಲದಿದ್ದರೆ ಗಾಯ ಮುಂದಕ್ಕೆ ಹೋಗುತ್ತದೆ ಎಂದಳು. ಸೆನೈದಾ ಕತ್ತರಿಸಿ ತಂದ ಚೂರನ್ನು ಬೆಳಕಿಗೆ ಹಿಡಿದು ನೋಡಿ, "ಹ್ಞೂ, ಕೈ ಪಳಗಿದೆ," ಎಂದಳು. ಕಾರ್ಖಾನೆಯಿಂದ ಬರುವಾಗ ಸೆನೈದಾಳ ಕಾಲು ಈಗ ತಾನಾಗಿ ಬೇಗ ಬೀಳುತ್ತಿತ್ತು.

ಬೆಳಗಿನ ಪ್ರಶ್ನೆ ಮಾತ್ರ ನಿಲ್ಲಲಿಲ್ಲ. "ಹೊಸ ಗರಿ ಬಂತಾ?"

"ಬರ್ತಾ ಇದೆ ಅತ್ತೆ."

ಮೊದಲು ಅದು ಸುಳ್ಳಾಗಿರಲಿಲ್ಲ. ಬರುತ್ತದೆಂದೇ ಅವಳು ನಂಬಿದ್ದಳು. ಮೇ ಕಳೆಯಿತು, ಮಳೆ ಹಿಡಿಯಿತು. ಅಂಗಳದ ಸುತ್ತಿನ ಜಗಲಿಯ ಮೇಲಿದ್ದ ಡಬ್ಬಗಳಲ್ಲಿ, ಒಡೆದ ಮಡಕೆಗಳಲ್ಲಿ, ಹೆಂಚಿನ ಸಂದಿಯಲ್ಲೂ ಏನಾದರೊಂದು ಚಿಗುರಿತು. ಏಳು ಕಾಂಡಗಳ ತುದಿಯಲ್ಲಿ ಮಾತ್ರ ಏನೂ ಏಳಲಿಲ್ಲ. ಗರಿಗಳು ಬಾಡಿಯೂ ಇರಲಿಲ್ಲ, ಒರೆಸಿದರೆ ಹೊಳೆಯುತ್ತಿದ್ದವು. ಸೆನೈದಾ ಮಣೆ ಹಾಕಿಕೊಂಡು ಹತ್ತಿ ತುದಿಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಒಳಗೆ ಟೊಳ್ಳು, ಅಂಚು ಕಪ್ಪಾಗಿ ಗಟ್ಟಿಯಾಗಿತ್ತು.

ಸಂತೆಯಲ್ಲಿ ಹೂಮಾಲೆಗೆಂದು ಕಾಡಿನ ಗರಿ ಕುಯ್ದು ತಂದು ಮಾರುವ ಒಬ್ಬ ಕುಳ್ಳನೆಯ ಮುದುಕನಿದ್ದ. ಸೆನೈದಾ ಅವನ ಹತ್ತಿರ, ಬೇರೆ ಯಾರದೋ ಮಾತೆಂಬಂತೆ, ಕೇಳಿದಳು.

"ತಾತ, ಕಾಮೆದೋರಿನ ಸುಳಿ ಹೋದ್ರೆ ಎಷ್ಟು ದಿನಕ್ಕೆ ಮತ್ತೆ ಬರುತ್ತೆ?"

"ಸುಳಿ ಹೋದ್ರೆ ಹೋಯ್ತು ಕಣವ್ವ. ನಾವು ಪಕ್ಕದ ಗರಿ ಕುಯ್ತೀವಿ, ಸುಳಿ ಮುಟ್ಟಲ್ಲ. ಅದಕ್ಕಿರೋದು ಅದೊಂದೇ ತಲೆ."

"ಆದ್ರೆ ಹಸಿರಾಗೇ ಇದೆಯಲ್ಲ."

"ಇರುತ್ತೆ. ವರ್ಷಗಟ್ಲೆ ಇರುತ್ತೆ. ಅದಕ್ಕಿನ್ನೂ ಸುದ್ದಿ ಮುಟ್ಟಿರಲ್ಲ," ಎಂದು ಅವನು ನಕ್ಕ. ಆಮೇಲೆ ಅವಳ ಮುಖ ನೋಡಿ ನಗುವುದನ್ನು ನಿಲ್ಲಿಸಿ, ಮಾಲೆಗೆ ಗರಿ ಬೇಕೇ ಎಂದು ಕೇಳಿದ.

ಆವತ್ತು ಮನೆಗೆ ಬರುವ ದಾರಿಯಲ್ಲಿ ಜಿನುಗು ಮಳೆ. ನಾವು ಚಿಪಿಚಿಪಿ ಎನ್ನುವ, ಕೊಡೆ ಬಿಡಿಸಲೂ ಆಗದ, ಬಿಡಿಸದಿರಲೂ ಆಗದ ಮಳೆ. ಹೇಳಿಬಿಡಬೇಕು ಎಂದುಕೊಂಡೇ ಅವಳು ಬಂದಳು. ಬಾಗಿಲು ದಾಟುವಾಗ ಒಳಗಿನಿಂದ ಅತ್ತೆಯ ದನಿ ಕೇಳಿತು: "ನೆನೆದು ಬಂದ್ಯಾ ಮಗಳೇ? ತಲೆ ಒರೆಸ್ಕೋ ಮೊದಲು." ಸೆನೈದಾ ಹೊಸಿಲಲ್ಲೇ ನಿಂತಳು. ಈ ದನಿಗಾಗಿ ಅವಳು ಎಷ್ಟು ವರ್ಷ ಕಾದಿದ್ದಳು. ಹೇಳಿದ ಮರುಗಳಿಗೆ ತಾನು ಮತ್ತೆ ತೋಟದ ಕೈಯೋಳೇ ಆಗುತ್ತೇನೆ. ಹಾಸಿಗೆಯಲ್ಲಿರುವವಳಿಗೆ ಆ ಸಂಕಟ ಬೇರೆ ಯಾಕೆ ಎಂದೂ ಅಂದುಕೊಂಡಳು. ಆ ಎರಡನೆಯ ಕಾರಣ ಮೊದಲನೆಯದನ್ನು ಚೆನ್ನಾಗಿ ಮುಚ್ಚಿತು.

ಮರುದಿನ ಬೆಳಿಗ್ಗೆ, "ಹೊಸ ಗರಿ ಬಂತಾ?" ಎಂದಾಗ, "ಒಂದು ಬಿಚ್ಚಿಕೊಂಡಿದೆ ಅತ್ತೆ," ಎಂದಳು.

"ಯಾವುದಕ್ಕೆ?"

"ಕಿಟಕಿ ಕಡೆದಕ್ಕೆ."

"ಎಳೆ ಹಸಿರಾ?"

"ತುಂಬಾ ಎಳೆ. ಗಿಳಿಮರಿ ಹಾಗೆ."

ಹೀಗೆ ಇಲ್ಲದ ಗರಿಗಳು ಒಂದೊಂದಾಗಿ ಬಿಚ್ಚಿಕೊಂಡವು. ಒಂದಕ್ಕೆ ಎಸಳು ಸ್ವಲ್ಪ ಸೊಟ್ಟ, ಇನ್ನೊಂದು ಸರಳಿಗೆ ತಾಗಿ ಬಾಗಿದೆ. ಹೇಳುತ್ತ ಹೇಳುತ್ತ ಸೆನೈದಾ ಜಾಣೆಯಾದಳು. ತೆಕ್ಲಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದಳು, ಒಮ್ಮೊಮ್ಮೆ "ಆಮೇಲೆ?" ಎನ್ನುತ್ತಿದ್ದಳು.

ಸೆಪ್ಟೆಂಬರಿನ ಒಂದು ಮಧ್ಯಾಹ್ನ ಮಳೆ ನಿಂತು ಹೊಳವಾಗಿತ್ತು. ಸೆನೈದಾ ಅತ್ತೆಯ ಸತ್ತ ಕೈಯನ್ನು ಬಿಸಿನೀರಿನ ಬಟ್ಟೆಯಲ್ಲಿ ಒರೆಸುತ್ತಿದ್ದಳು. ತೆಕ್ಲಾ ಮಾಡಿನ ಹೆಂಚು ನೋಡುತ್ತ ಹೇಳಿದಳು:

"ಕಾಫಿ ಗಿಡ ಒಳ್ಳೇದು ನೋಡು. ಕಡಿದ್ರೂ ಬರುತ್ತೆ. ತಾಳೆಗೆ ತಲೆ ಒಂದೇ."

ಸೆನೈದಾಳ ಕೈ ನಿಂತಿತು.

"ನನಗೂ ಗೊತ್ತಿರಲಿಲ್ಲ ಹೊಸದರಲ್ಲಿ. ಕಣಿವೆಯಿಂದ ತಂದಿದ್ರಲ್ಲಿ ಒಂದನ್ನ ನಾನೇ ಕೊಂದೆ. ತುದಿ ಬಾಗಿದೆ ಅಂತ ಚಿವುಟಿ ಹಾಕಿದ್ದೆ. ನಮ್ಮತ್ತೆಗೆ ಹೇಳೋಕೆ ಹೆದ್ರಿ, ಬುಡಸಮೇತ ಕಿತ್ತು ಹಿತ್ತಲಲ್ಲಿ ಹೂತುಬಿಟ್ಟಿದ್ದೆ." ಅವಳು ಒಂದು ಸಣ್ಣ ನಗೆ ನಕ್ಕಳು, ಬಾಯಿಯ ಒಂದೇ ಪಕ್ಕ ಅಲುಗಿತು. "ಎಷ್ಟು ಹೆದ್ರಿಕೆ ಇತ್ತು ನನಗೆ ಆ ಹೆಂಗಸು ಅಂದ್ರೆ."

ಕೋಣೆಯಲ್ಲಿ ಸೂರಿನ ಹನಿ ಹಂಡೆಗೆ ಬೀಳುವ ಸದ್ದು. ತೆಕ್ಲಾ ಕಣ್ಣನ್ನು ಹೆಂಚಿನಿಂದ ಇಳಿಸಿ ಸೊಸೆಯ ಮುಖದ ಮೇಲೆ ಇಟ್ಟಳು. ಕಾಯುತ್ತಿರುವವರ ಹಾಗೆ. ಸೆನೈದಾಳ ಬಾಯಿ ತೆರೆಯಿತು ಕೂಡ.

"ಹೌದಾ ಅತ್ತೆ," ಎಂದಳು. "ನೀರು ಆರಿಹೋಯ್ತು. ಬೇರೆ ತರ್ತೀನಿ."

ಅಡುಗೆಮನೆಗೆ ಹೋಗಿ ಬೇಕಿಲ್ಲದ ನೀರನ್ನು ಒಲೆಯ ಮೇಲಿಟ್ಟಳು. ಅದು ಕುದಿಯುವವರೆಗೂ ನಿಂತಳು. ಹಿಂದಿರುಗಿದಾಗ ಅತ್ತೆ ಗೋಡೆಯ ಕಡೆ ತಿರುಗಿದ್ದಳು. ನಿದ್ದೆ ಮಾಡಿದ್ದಾಳೆ ಎಂದುಕೊಂಡಳು, ಅಥವಾ ಹಾಗೆಂದುಕೊಳ್ಳುವುದು ಸುಲಭವಾಯಿತು.

ಸತ್ತವರ ಹಬ್ಬ ಕಳೆದ ಮೇಲೆ, ಮೊದಲ ಉತ್ತರದ ಗಾಳಿ ಬೀಸಿದ ದಿನ, ತೆಕ್ಲಾ ಹೋದಳು. ಬೆಳಿಗ್ಗೆ ಪ್ರಶ್ನೆ ಕೇಳಿದ್ದಳು, ಉತ್ತರ ಕೇಳಿಸಿಕೊಂಡಿದ್ದಳು, ಕಾಫಿ ಸ್ವಲ್ಪ ಬಿಟ್ಟಿದ್ದಳು. ಮಧ್ಯಾಹ್ನ ಸೆನೈದಾ ಬರುವ ಹೊತ್ತಿಗೆ ಒತೀಲಿಯಾ ಪಕ್ಕದಲ್ಲಿ ಕೂತು ಕಣ್ಣು ಮುಚ್ಚಿಸುತ್ತಿದ್ದಳು. ತಲೆದೆಸೆಯ ಗರಿಯನ್ನು ಬಿಚ್ಚಿ ಶವದ ಕೈಗೆ ಕೊಟ್ಟರು. ಪೆಟ್ಟಿಗೆಯನ್ನು ಮುಂಗೋಣೆಯಲ್ಲಿ, ತಾಳೆಯ ಕುಂಡದ ಪಕ್ಕ ಇಟ್ಟರು. ಮೇಣದ ಬೆಳಕಿನಲ್ಲಿ ಗರಿಗಳ ನೆರಳು ಅವಳ ಮುಖದ ಮೇಲೆ ಆಡುತ್ತಿತ್ತು. ಬಂದವರೆಲ್ಲ ಗಿಡವನ್ನೂ ಒಮ್ಮೆ ನೋಡಿ ನಿಟ್ಟುಸಿರಿಟ್ಟರು.

ಪೆಟ್ಟಿಗೆ ಇದ್ದ ನೆಲದ ಮೇಲೆ ಸುಣ್ಣದ ಪುಡಿಯಲ್ಲಿ ಶಿಲುಬೆ ಬರೆದು ಒಂಬತ್ತು ಸಂಜೆ ಜಪಸರ ನಡೆಯಿತು. ಕೊನೆಯ ಸಂಜೆ ಪ್ರಾರ್ಥನೆ ಹೇಳಿಸುವವಳು ಶಿಲುಬೆಯ ಪುಡಿಯನ್ನು ಹೂವಿನ ಎಸಳಿನಿಂದ ಬಳಿದೆತ್ತಿ, ಗೋರಿಗೆ ಒಯ್ಯಲು ಕಟ್ಟಿಟ್ಟಳು. ಶಿಲುಬೆ ಎತ್ತಿದ ಮೇಲೆ ಸತ್ತವರಿಗೂ ಮನೆಗೂ ಲೆಕ್ಕ ಮುಗಿದ ಹಾಗೆ. ಹೆಂಗಸರು ಎಲೆಕಡುಬು, ಬೆಲ್ಲದ ಕಾಫಿ ಹಿಡಿದು ಮುಂಗೋಣೆಯಲ್ಲಿ ಸುತ್ತ ಕೂತರು. ಮಾತು ಮೆಲ್ಲಗೆ ಎದ್ದಿತು. ಪಕ್ಕದ ಬೀದಿಯ ಒಬ್ಬಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು:

"ದೊಡ್ಡವಳು ಹೋದ್ರೂ ಅವಳ ಗಿಡ ಹೇಗೆ ನಳನಳಿಸ್ತಿದೆ ನೋಡಿ. ಸೊಸೆ ಕೈಗುಣ."

ಸೆನೈದಾ ಕಾಫಿಯ ಲೋಟಗಳ ತಟ್ಟೆಯನ್ನು ಹಿಡಿದು ನಡುವೆ ನಿಂತಿದ್ದಳು.

"ಅದು ಸತ್ತಿದೆ," ಎಂದಳು. "ಗರಿಗಳ ಭಾನುವಾರಕ್ಕೆ ನಾನೇ ಸುಳಿ ಕುಯ್ದೆ. ಮತ್ತೆ ಬರುತ್ತೆ ಅಂದ್ಕೊಂಡಿದ್ದೆ. ಅತ್ತೆಗೆ ಹೇಳಲಿಲ್ಲ. ಬಂದಿದೆ, ಬಂದಿದೆ ಅಂತ ಸುಳ್ಳು ಹೇಳಿದೆ."

ಯಾರೂ ಬೆರಗಾಗಲಿಲ್ಲ. ಒಬ್ಬಳು ಕಡುಬಿನ ಎಲೆಯನ್ನು ಸಣ್ಣಗೆ ಮಡಚುತ್ತ ಕೂತಳು.

"ಕೂತ್ಕೋ," ಎಂದು ಒತೀಲಿಯಾ ಅವಳ ಕೈಯಿಂದ ತಟ್ಟೆ ತೆಗೆದುಕೊಂಡಳು. "ಊರೆಲ್ಲ ಸಾರಿನ ಸೊಪ್ಪು ಹಿಡ್ಕೊಂಡು ನಿಂತಿದ್ವಿ, ನೀನೊಬ್ಬಳು ಕಾಮೆದೋರಿನ ಗರಿ ಹಿಡ್ಕೊಂಡು ಬಂದೆ. ಎಲ್ಲಿಂದ ಬಂತು ಅಂತ ನಮಗೆ ತಿಳೀದೇ ಇರುತ್ತಾ?"

"ಅತ್ತೆಗೆ?"

ಒತೀಲಿಯಾ ತಟ್ಟೆಯನ್ನು ಕೆಳಗಿಟ್ಟಳು.

"ಅವಳ ಗಿಡ ಅವಳ ಕೈಗೆ ಗೊತ್ತಾಗಲ್ವಾ. ಆ ಭಾನುವಾರ ಸಂಜೆಯೇ ನನಗೆ ಹೇಳಿದ್ಲು. ನಾನು ಬೈದೆ ನಿನ್ನ. ಸುಮ್ನಿರು ಅಂದ್ಲು. ನನಗೋಸ್ಕರ ಕುಯ್ದಿದ್ದಾಳೆ, ನಲವತ್ತು ವರ್ಷ ನಾನು ಆ ಗಿಡಕ್ಕೆ ನೀರು ಹಾಕಿದೆ, ಅದು ನನಗೆ ಒಂದು ದಿನ ಏನಾದ್ರೂ ಕೊಟ್ಟಿತ್ತಾ ಅಂದ್ಲು."

"ಮತ್ತೆ ದಿನಾ ಯಾಕೆ ಕೇಳ್ತಿದ್ರು?"

"ನೀನು ಹೇಳಲಿ ಅಂತ. ನಾನಂದೆ, ನೀನೇ ಹೇಳಿ ಮುಗಿಸು ತೆಕ್ಲಾ, ಯಾಕೆ ಇಬ್ಬರೂ ಒದ್ದಾಡ್ತೀರಿ ಅಂತ. ಬೇಡ ಅಂದ್ಲು. ನಾನೇ ಬಾಯಿಬಿಟ್ರೆ ಅತ್ತೆ ಸೊಸೆ ತಪ್ಪು ಹಿಡಿದ ಹಾಗೆ ಆಗುತ್ತೆ, ಅವಳಾಗಿ ಹೇಳಿದ್ರೆ ಮಗಳು ಅಮ್ಮನಿಗೆ ಹೇಳಿದ ಹಾಗೆ ಅಂದ್ಲು." ಒತೀಲಿಯಾ ಒಂದು ಲೋಟ ಎತ್ತಿ ಅವಳ ಕೈಗೆ ಕೊಟ್ಟಳು. "ಕೊನೆ ಕೊನೆಗೆ ಅವಳಿಗೆ ಬೇಜಾರಿತ್ತು ಕಣೇ. ನಿನ್ನ ಮೇಲಲ್ಲ. ಇನ್ನೂ ನನ್ನ ಕಂಡ್ರೆ ಹೆದರ್ತಾಳಲ್ಲ ಒತೀಲಿಯಾ, ಅಷ್ಟು ಕೆಟ್ಟವಳಾಗಿದ್ನಾ ನಾನು, ಅಂತ ಕೇಳಿದ್ಲು."

"ನೀವೇನಂದ್ರಿ?"

"ಏನನ್ನಲಿ. ಹೌದು, ನೀನು ಹಾಗೇ ಇದ್ದೆ ಅಂದೆ. ನಕ್ಕಳು."

ಹೆಂಗಸರು ಒಬ್ಬೊಬ್ಬರಾಗಿ ಎದ್ದು ಸೆನೈದಾಳ ಭುಜ ಮುಟ್ಟಿ ಹೋದರು. ಅವಳು ಅಳಲಿಲ್ಲ. ಅತ್ತೆ ಹೋದ ಬೇಸರವನ್ನು ಅವಳು ಒಂಬತ್ತು ದಿನ ಅತ್ತು ಮುಗಿಸಿದ್ದಳು. ಇದಕ್ಕೆ ಹೇಗೆ ಅಳಬೇಕೆಂದು ಅವಳಿಗೆ ತಿಳಿಯಲಿಲ್ಲ.

ಗಿಡ ಆಮೇಲೂ ಬಹಳ ದಿನ ಹಸಿರಾಗಿತ್ತು. ಮರುವರ್ಷದ ಮಳೆಯ ಹೊತ್ತಿಗೆ ಗರಿಗಳು ಒಂದೊಂದಾಗಿ ಹಳದಿಯಾದವು, ಅದು ಬೇರೆ. ಜಪಸರ ಮುಗಿದ ಮರುದಿನದ ಬೆಳಿಗ್ಗೆಯನ್ನು ಮಾತ್ರ ಸೆನೈದಾ ಈಗಲೂ, ತಾನೇ ಅಜ್ಜಿಯಾದ ಮೇಲೂ, ಯಾರಾದರೂ ಕೇಳಿದರೆ ಹೇಳುತ್ತಾಳೆ. ಅಂದು ಎಂದಿನ ಹೊತ್ತಿಗೆ ಎದ್ದಳು. ಕಾಫಿಗೆ ಇಟ್ಟಳು. ಹಂಡೆಯ ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಮುಂಗೋಣೆಗೆ ಬಂದಳು. ಪರದೆಯಾಚೆ ಹಾಸಿಗೆ ಸುತ್ತಿಟ್ಟ ಬರಿ ಮಂಚ. ಪ್ರಶ್ನೆ ಬರುವ ಹೊತ್ತಾಯಿತು. ಅವಳು ಬಾಗಿಲಲ್ಲಿ ನಿಂತಳು. "ಇಲ್ಲ ಅತ್ತೆ, ಬರಲಿಲ್ಲ, ಇನ್ನು ಬರಲ್ಲ," ಎನ್ನುವ ಮಾತು ಈಗ ಎಷ್ಟು ಹಗುರವಾಗಿ ನಾಲಿಗೆಯ ಮೇಲಿತ್ತೆಂದರೆ, ಅಷ್ಟು ತಿಂಗಳು ಅದನ್ನು ಹೊತ್ತು ತಿರುಗಿದವಳು ತಾನೇ ಹೌದೇ ಎನ್ನಿಸಿತು.

ನಾಬೋರ್ ಬೇಕರಿಯಿಂದ ಬಂದು, ಮೈಮೇಲಿನ ಹಿಟ್ಟು ಕೊಡವುತ್ತ ಅವಳನ್ನು ನೋಡಿದ.

"ಬರಲ್ಲ ಅಂತ ಗೊತ್ತಾಯ್ತಲ್ಲ. ಇನ್ನೂ ಯಾಕೆ ಒರೆಸ್ತೀಯ ಅದನ್ನ?"

"ಧೂಳು ಕೂತಿದೆ," ಎಂದಳು ಸೆನೈದಾ. ಕುಂಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಂಚದಿಂದ ಕಾಣುತ್ತಿದ್ದ ಕೆಳಗಿನ ಗರಿಗಳನ್ನು, ಮೇಲೂ ಕೆಳಗೂ, ಒಂದೊಂದೇ ಎಸಳಾಗಿ ಒರೆಸತೊಡಗಿದಳು.